ಮುರಕಲ್ಲಿನ ಅಡಿಯಲ್ಲಿ ಏನಿದೆ? ವಾಮಂಜೂರಿನ ಇಳಿಜಾರು ಜಾಗದಲ್ಲಿ ನಮ್ಮ ಮನೆಯ ಅಡಿಪಾಯದ ಲಾಗ್

ಮಂಗಳೂರಿನ ಹೊರವಲಯದ ವಾಮಂಜೂರಿನಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ನಮ್ಮ 10 ಸೆಂಟ್ಸ್ ಜಾಗ ಇದೆ. ಮೇಲ್ಗಡೆ ರಸ್ತೆ, ಕೆಳಗಡೆ ತೋಡು (ಸಣ್ಣ ಹಳ್ಳ), ನಡುವೆ ಸುಮಾರು 22 ಮೀಟರ್ ಉದ್ದಕ್ಕೆ 4 ಮೀಟರ್ ಇಳಿಜಾರು. ಹಿಂದಿನವರು ಮೇಲೆ ಕಡಿದ ಮಣ್ಣನ್ನು ಕೆಳಗೆ ಎಳೆದು ಅರ್ಧ ಜಾಗ ಲೆವೆಲ್ ಮಾಡಿಟ್ಟಿದ್ದರು. ಅಲ್ಲಿ ಈಗ ಕೆಳಗೊಂದು ಮೇಲೊಂದು ಅಂತಸ್ತಿನ ಮನೆ ಏಳುತ್ತಿದೆ. ಮಣ್ಣಿನ ಪರೀಕ್ಷೆಯಿಂದ ಹಿಡಿದು ಪ್ಲಿಂತ್ (ನೆಲದಿಂದ ಎತ್ತರಿಸಿದ ಮನೆಯ ತಳಮಟ್ಟ) ದಾಟುವವರೆಗೆ ಏನು ಮಾಡಿದೆವು, ಯಾಕೆ ಮಾಡಿದೆವು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಟೈಲ್ಸ್, ಪೇಂಟ್, ಕಿಚನ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೆಲದ ಒಳಗಿನ ಕೆಲಸದ ಬಗ್ಗೆ, ಅದರಲ್ಲೂ ನಮ್ಮ ಕರಾವಳಿಯ ನೆಲದ ಬಗ್ಗೆ, ಕನ್ನಡದಲ್ಲಿ ಹುಡುಕಿದರೆ ಸಿಗುವುದು ತುಂಬಾ ಕಡಿಮೆ.

ಜಾಗ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಅಡಿಯಲ್ಲಿ ಮುರಕಲ್ಲು ಉಂಟು ಮಾರಾಯ್ರೆ, ಮೂರು ಮಾಳಿಗೆ ಹಾಕಿದ್ರೂ ಏನೂ ಆಗುದಿಲ್ಲ. ಸಾಯಿಲ್ ಟೆಸ್ಟ್ ಎಲ್ಲ ಸುಮ್ನೆ ಖರ್ಚು." ಮಾತು ಅರ್ಧ ಸರಿ. ಮುರಕಲ್ಲು, ಅಂದರೆ ಮನೆ ಕಟ್ಟಲು ಕಡಿಯುವ ಕೆಂಪು ಕಲ್ಲು (ಲ್ಯಾಟರೈಟ್), ಗಟ್ಟಿಯೇ. ಆದರೆ ಅದು ನೆಲದ ಮೇಲಿನ ಒಂದು ಪದರ ಮಾತ್ರ. ಅದರ ಅಡಿಯಲ್ಲಿ ನಮ್ಮ ಕಡೆ ಹೆಚ್ಚಾಗಿ ಸಿಗುವುದು ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣ ಕಲೆಸಿದಂತೆ ಇರುತ್ತದೆ, ಮುಟ್ಟಿದರೆ ಪೌಡರಿನಂತೆ ನುಣುಪು. ಒಣಗಿದಾಗ ಪಿಕಾಸಿಗೆ ಬಗ್ಗದಷ್ಟು ಗಟ್ಟಿ, ನೀರು ಕುಡಿದರೆ ಶಕ್ತಿಯೇ ಇಲ್ಲ. ಶೇಡಿ ದಾಟಿದ ಮೇಲೆ ಕೊಳೆತ ಬಂಡೆ, ಆಮೇಲೆ ಕಪ್ಪು ಕಲ್ಲು. ಪಡೀಲ್–ಕುಲಶೇಖರ ರೈಲು ಹಳಿಯ ಮೇಲೆ 2019ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದು ನೆನಪಿರಬಹುದು. ಗುಡ್ಡ ಕಡಿದಾಗ ಈ ಪದರ ಹೊರಗೆ ಬಂದು ಮಳೆಗೆ ಒಡ್ಡಿಕೊಂಡರೆ ಅದು ನಿಲ್ಲುವುದು ಕಷ್ಟ ಅಂತ ಇಲ್ಲಿ ರಸ್ತೆ ಕೆಲಸ ಮಾಡುವವರಿಗೆಲ್ಲ ಗೊತ್ತು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಶೇಡಿ ಮಣ್ಣನ್ನು ಹಿಡಿದು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ.

ಹಾಗಾಗಿ ನಮ್ಮ ನಿರ್ಧಾರ ಮೊದಲ ದಿನವೇ ಆಗಿತ್ತು. ಮುರಕಲ್ಲು ಎಷ್ಟು ದಪ್ಪ ಇದೆ, ಅದರ ಅಡಿಯ ಶೇಡಿ ಮಳೆಗಾಲದಲ್ಲಿ ಹೇಗಿರುತ್ತದೆ, ಇಷ್ಟು ಗೊತ್ತಾಗದೆ ಮನೆಯ ಪ್ಲ್ಯಾನ್ ಫೈನಲ್ ಮಾಡುವುದಿಲ್ಲ.

ಏಪ್ರಿಲ್: ಪಕ್ಕದ ಬಾವಿಗಳು

ಬೋರಿಂಗ್ ಮೆಷಿನ್ ಕರೆಸುವ ಮೊದಲು ಮಾಡಬೇಕಾದ, ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು. ನಮ್ಮ ಊರಲ್ಲಿ ಪ್ರತಿ ಹಿತ್ತಲಲ್ಲೂ ಬಾವಿ ಇದೆ, ಅಲ್ವಾ? ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಟಾರ್ಚ್ ಹಾಕಿ ನೋಡಿದರೆ ನೆಲದ ಪದರಗಳು ಹಾಗೇ ಕಾಣುತ್ತವೆ. ಮೇಲಿನ ಮನೆಯ ಬಾವಿಯಲ್ಲಿ ಎರಡೂವರೆ ಮೀಟರ್‌ವರೆಗೆ ಮುರಕಲ್ಲು ಕಡಿದ ಗುರುತು ಸ್ಪಷ್ಟವಾಗಿತ್ತು. ಅಲ್ಲಿಂದ ಕೆಳಗೆ ಕಾಂಕ್ರೀಟ್ ರಿಂಗ್ ಇಳಿಸಿದ್ದರು. ರಿಂಗ್ ಯಾಕೆ ಅಂತ ಕೇಳಿದರೆ ಮನೆಯ ಅಜ್ಜ ಹೇಳಿದರು, "ಅಲ್ಲಿಂದ ಕೆಳಗೆ ಬರೀ ಶೇಡಿ ಮಗಾ, ಪ್ರತಿ ಆಟಿಯಲ್ಲಿ ಜರಿದು ಬೀಳ್ತಿತ್ತು." ಆಟಿ ಅಂದರೆ ಜೋರು ಮಳೆಯ ತುಳು ತಿಂಗಳು. ಬಾವಿಗೆ ರಿಂಗ್ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ನೆಲ ಬದಲಾಗಿದೆ ಅಂತ ಅರ್ಥ. ಕೆಳಗಿನ ಮನೆಯ ಬಾವಿಯಲ್ಲಿ ಮುರಕಲ್ಲು ಲೆಕ್ಕಕ್ಕೇ ಇರಲಿಲ್ಲ.

ಬಾವಿ ನೋಡುವಾಗಲೇ ಇನ್ನೆರಡು ಪ್ರಶ್ನೆ ಕೇಳಿ. ಈ ಜಾಗದಲ್ಲಿ ಹಿಂದೆ ಕಲ್ಲಿನ ಕೋರೆ ಇತ್ತಾ? ಹತ್ತಿರದಲ್ಲಿ ಹಳೆಯ ಸುರಂಗ ಇದೆಯಾ? ಮುಚ್ಚಿದ ಕೋರೆಯ ಮೇಲೆ ಹುಲ್ಲು ಬೆಳೆದರೆ ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ನೀರಿಗಾಗಿ ಗುಡ್ಡದೊಳಗೆ ಅಡ್ಡ ತೋಡಿದ ಸುರಂಗಗಳು ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಬೇಕಾದಷ್ಟಿವೆ. ಅವು ಯಾವ ಕಾಗದದಲ್ಲೂ ಇರುವುದಿಲ್ಲ. ಊರಿನ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತವೆ.

ಮೇ: ಬೋರಿಂಗ್

ಐಎಸ್ (ಭಾರತೀಯ ಮಾನಕ, ಇಂಜಿನಿಯರ್‌ಗಳು ಕೋಡ್ ಅನ್ನುವುದು ಇದಕ್ಕೇ) 1892 ಪ್ರಕಾರ ಸುಮಾರು ಒಂದು ಎಕರೆ, ಅಂದರೆ 0.4 ಹೆಕ್ಟೇರ್ ಜಾಗಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು, ನಡುವೆ ಒಂದು ಬೋರ್ ಸಾಕು. ಸಣ್ಣ ಕಟ್ಟಡಕ್ಕೆ ನಡುವಿನ ಒಂದೇ ಸಾಕು ಅಂತಲೂ ಇದೆ. ನಮ್ಮ ಜಾಗ ಸಣ್ಣದೇ, ಆದರೆ ಇಳಿಜಾರು, ಮೇಲಾಗಿ ಅರ್ಧ ಕಡಿದದ್ದು, ಅರ್ಧ ತುಂಬಿಸಿದ್ದು. ಇಂತಲ್ಲಿ ನಡುವೆ ಒಂದು ತೂತು ಕೊರೆದರೆ ಆ ನಡುವಿನ ಕಥೆ ಮಾತ್ರ ಗೊತ್ತಾಗುತ್ತದೆ. ಮೇಲೆ, ನಡುವೆ, ಕೆಳಗೆ ಅಂತ ಮೂರು ಹಾಕಿಸಿದೆವು.

ಟ್ರೈಪಾಡ್, ವಿಂಚ್, ನೀರಿನ ಪಂಪ್, 150 ಮಿಮೀ ಕೇಸಿಂಗ್. ಕೊರೆಯುತ್ತಾ ಹೋಗಿ ಪ್ರತಿ ಒಂದೂವರೆ ಮೀಟರ್‌ಗೆ ನಿಲ್ಲಿಸಿ ಎಸ್‌ಪಿಟಿ, ಅಂದರೆ ನೆಲದ ಗಟ್ಟಿತನ ಅಳೆಯುವ ಪರೀಕ್ಷೆ ಮಾಡುತ್ತಾರೆ. 63.5 ಕೆಜಿ ಹ್ಯಾಮರ್ ಅನ್ನು 75 ಸೆಂಮೀ ಎತ್ತರದಿಂದ ಬಿಡುವುದು, ತಳದಲ್ಲಿರುವ ಸ್ಪ್ಲಿಟ್ ಸ್ಪೂನ್ (ಮಣ್ಣು ಹಿಡಿಯುವ ಕೊಳವೆ) 45 ಸೆಂಮೀ ಇಳಿಯುವವರೆಗೆ ಪೆಟ್ಟು ಎಣಿಸುವುದು. ಮೊದಲ 15 ಸೆಂಮೀ ಲೆಕ್ಕಕ್ಕಿಲ್ಲ, ಯಾಕೆಂದರೆ ಕೊರೆಯುವಾಗ ಕದಡಿದ ಮಣ್ಣು ಅಲ್ಲಿರುತ್ತದೆ. ಉಳಿದ 30 ಸೆಂಮೀಗೆ ಬಿದ್ದ ಪೆಟ್ಟುಗಳೇ ಎನ್ ಮೌಲ್ಯ. ಈ ಕೆಲಸ ನಡೆಯುವಾಗ ಮನೆಯವರು ಯಾರಾದರೂ ಅಲ್ಲೇ ನಿಂತಿರಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಹ್ಯಾಮರ್ ಪೂರ್ತಿ 75 ಸೆಂಮೀ ಎತ್ತುತ್ತಿದ್ದಾರಾ, ಹಗ್ಗ ಡ್ರಮ್ಮಿಗೆ ಸುತ್ತಿಕೊಂಡು ಬೀಳುವ ವೇಗ ಕಡಿಮೆಯಾಗುತ್ತಿದೆಯಾ, ಸ್ಪೂನ್ ಇಳಿಸುವ ಮೊದಲು ತಳ ತೊಳೆದರಾ ಅಂತ ನೋಡಲು ಇಂಜಿನಿಯರ್ ಆಗಬೇಕಾಗಿಲ್ಲ. ಅರ್ಧ ಎತ್ತರದಿಂದ ಬಿಟ್ಟರೆ ಪೆಟ್ಟು ಜಾಸ್ತಿ ಬೇಕಾಗುತ್ತದೆ, ರಿಪೋರ್ಟಿನಲ್ಲಿ ನೆಲ ಇರುವುದಕ್ಕಿಂತ ಗಟ್ಟಿ ಅಂತ ಬರುತ್ತದೆ.

ಮೇಲಿನ ಬೋರಿನಲ್ಲಿ ಶುರುವಿಗೇ 50 ಪೆಟ್ಟು ಹೊಡೆದರೂ ಸ್ಪೂನ್ 15 ಸೆಂಮೀ ಇಳಿಯಲಿಲ್ಲ. "ರಿಫ್ಯೂಸಲ್ ಬಂತು ಸಾರ್, ಹಾರ್ಡ್ ಸ್ಟ್ರಾಟಾ, ಇಲ್ಲಿಗೆ ಸಾಕಲ್ವಾ?" ಅಂದರು ಡ್ರಿಲ್ಲರ್. ಈ ಇಡೀ ಲಾಗ್‌ನಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕರಾವಳಿಯಲ್ಲಿ ಮುರಕಲ್ಲಿನ ರಿಫ್ಯೂಸಲ್ ಅಂದರೆ ಬಂಡೆ ಸಿಕ್ಕಿತು ಅಂತಲ್ಲ. ಕೋರ್ ಬ್ಯಾರೆಲ್ (ಕಲ್ಲು ಕೊರೆಯುವ ಕೊಳವೆ) ಹಾಕಿ ಅದನ್ನು ದಾಟಿ ಹೋಗಬೇಕು. ದಾಟಿದೆವು.

ಮೇಲಿನ ಬೋರ್: 0ರಿಂದ 2.4 ಮೀ. ಗಟ್ಟಿ ಮುರಕಲ್ಲು, ರಿಫ್ಯೂಸಲ್. 2.4ರಿಂದ 3.4 ಮೀ. ಮೆದು ಮುರ, ಎನ್ 28. 3.4ರಿಂದ 9 ಮೀ. ಶೇಡಿ, ಎನ್ 14, 12, 16, 22. ಆಮೇಲೆ ಕೊಳೆತ ಬಂಡೆ.
ಕೆಳಗಿನ ಬೋರ್: 0ರಿಂದ 1.6 ಮೀ. ತುಂಬಿಸಿದ ಮಣ್ಣು, ಎನ್ 4. 1.6ರಿಂದ 3.2 ಮೀ. ಕಲ್ಲುಚೂರು ಸೇರಿದ ಕೆಂಪು ಮಣ್ಣು, ಎನ್ 13. 3.2ರಿಂದ 8.5 ಮೀ. ಶೇಡಿ, ಎನ್ 8, 9, 11, 18. ನೀರು 5.2 ಮೀಟರಿನಲ್ಲಿ.

ನಡುವಿನ ಬೋರ್ ಇವೆರಡರ ನಡುವಿನದ್ದೇ, ಅದರಲ್ಲಿ ಒಂದು ವಿಷಯ ಮಾತ್ರ ಬೇರೆ. 1.8 ಮೀಟರ್ ಹತ್ತಿರ ಪಂಪ್ ಮಾಡಿದ ನೀರು ವಾಪಸ್ ಬರುವುದು ನಿಂತುಹೋಯಿತು. ಮುರಕಲ್ಲಿನೊಳಗೆ ಪೊಳ್ಳು ಇದ್ದರೆ ಹೀಗಾಗುತ್ತದೆ. ಮಳೆನೀರು ಕಲ್ಲಿನ ಸಂದಿಯಲ್ಲಿ ಇಳಿದು ಮೆದು ಭಾಗವನ್ನು ತೊಳೆದುಕೊಂಡು ಹೋಗಿ ಒಳಗೊಳಗೇ ದಾರಿ ಮಾಡಿರುತ್ತದೆ. ಡ್ರಿಲ್ಲರ್ ಇಂಥದ್ದನ್ನು ಬಾಯಲ್ಲಿ ಹೇಳಿ ಸುಮ್ಮನಾಗುತ್ತಾರೆ. ಬೋರ್ ಲಾಗ್‌ನಲ್ಲಿ ಬರೆಸಿಕೊಳ್ಳಿ. ಆ ಜಾಗದ ಸುತ್ತ ನಾವು ಕಬ್ಬಿಣದ ರಾಡ್ ಹೊಡೆದು ನೋಡಿದಾಗ ಒಂದು ಪೊಳ್ಳು ಪತ್ತೆಯಾಯಿತು, ಮುಂದೆ ಅಡಿಪಾಯದ ಸಮಯದಲ್ಲಿ ಅದನ್ನು ಬಿಡಿಸಿ ತೆಳು ಕಾಂಕ್ರೀಟ್ ತುಂಬಿಸಿದೆವು.

ಶೇಡಿಯ ಮಾದರಿಗಳನ್ನು ತೆಳು ಟ್ಯೂಬಿನಲ್ಲಿ ಕದಡದಂತೆ ತೆಗೆದು, ಎರಡು ಕಡೆ ಮೇಣ ಹಾಕಿ ಮುಚ್ಚಿ ಲ್ಯಾಬಿಗೆ ಕಳಿಸಿದೆವು. ಲ್ಯಾಬಿಗೆ ಹೇಳಿದ್ದು ಇಷ್ಟೇ: ಬಂದ ಹಾಗೇ ಒಮ್ಮೆ, ನೀರಲ್ಲಿ ಪೂರ್ತಿ ನೆನೆಸಿ ಇನ್ನೊಮ್ಮೆ ಪರೀಕ್ಷೆ ಮಾಡಿ. ಕೇಳದಿದ್ದರೆ ಒಂದೇ ಮಾಡಿ ಕಳಿಸುವ ಸಾಧ್ಯತೆ ಜಾಸ್ತಿ. ಮಣ್ಣಿನ ಅಂಟು ಬಲ, ಅಂದರೆ ಕೊಹೆಶನ್, ಬಂದ ಸ್ಥಿತಿಯಲ್ಲಿ ಚದರ ಮೀಟರ್‌ಗೆ ಸುಮಾರು 6 ಟನ್ ಇತ್ತು. ನೆನೆಸಿದ ಮೇಲೆ 2 ಟನ್. ಮೇ ತಿಂಗಳಲ್ಲಿ ನೋಡಿದ ನೆಲ ಬೇರೆ, ಜುಲೈಯಲ್ಲಿ ಮನೆ ಹೊರುವ ನೆಲ ಬೇರೆ.

ಆಗಸ್ಟ್: ಮಳೆಯಲ್ಲಿ ಇನ್ನೊಮ್ಮೆ

ವರ್ಷಕ್ಕೆ 3,500 ಮಿಮೀ ಮೀರಿ ಮಳೆ ಬೀಳುವ ಊರಲ್ಲಿ ಬೇಸಿಗೆಯ ರಿಪೋರ್ಟ್ ಒಂದನ್ನೇ ನಂಬಿ ಕೂರುವುದು ನನಗೆ ಸರಿ ಅನ್ನಿಸಲಿಲ್ಲ. ಅದಕ್ಕೇ ಮೇನಲ್ಲಿ ಕೆಳಗಿನ ಬೋರಿನ ಪಕ್ಕದಲ್ಲಿ ಒಂದು ಕೋನ್ ಟೆಸ್ಟ್ ಮಾಡಿಸಿಟ್ಟಿದ್ದೆವು. ಇದು ಡಿಸಿಪಿಟಿ, ತೂತು ಕೊರೆಯುವ ಕೆಲಸವಿಲ್ಲ. 50 ಮಿಮೀ ಕೋನ್ ಅನ್ನು ಹ್ಯಾಮರ್‌ನಿಂದ ಹೊಡೆಯುತ್ತಾ ನೇರ ಇಳಿಸುವುದು. ಮಣ್ಣಿನ ಮಾದರಿ ಸಿಗುವುದಿಲ್ಲ, ಆದರೆ ಬೇಗ ಆಗುತ್ತದೆ, ಅಗ್ಗ. ಆಗಸ್ಟ್‌ನಲ್ಲಿ ಅಲ್ಲೇ ಒಂದು ಮೀಟರ್ ಪಕ್ಕದಲ್ಲಿ ಮತ್ತೆ ಹಾಕಿಸಿದಾಗ ಶೇಡಿ ಪದರದಲ್ಲಿ 30 ಸೆಂಮೀಗೆ 14 ಇದ್ದ ಪೆಟ್ಟು 8ಕ್ಕೆ ಇಳಿದಿತ್ತು. ಬೋರಿನೊಳಗೆ ಬಿಟ್ಟಿದ್ದ ಪೈಪಿನಲ್ಲಿ ನೀರು 1.4 ಮೀಟರಿಗೆ ಏರಿತ್ತು.

ಮುಂದಿನ ಲೆಕ್ಕವೆಲ್ಲ ಈ ಆಗಸ್ಟ್‌ನ ನೆಲದ ಮೇಲೆ. ಎರಡು ಬಾರಿ ಮಾಡಿಸಿದ್ದಕ್ಕೆ ಆದ ಖರ್ಚು ಮನೆಯ ಒಟ್ಟು ಬಜೆಟ್‌ನ ಶೇಕಡಾ ಒಂದಕ್ಕಿಂತ ಕಡಿಮೆ.

ಸೆಪ್ಟೆಂಬರ್: ಲೆಕ್ಕ, ಮತ್ತು ಭೂಕಂಪ ಯಾಕೆ ಬಂತು

"ಮಂಗಳೂರಲ್ಲಿ ಭೂಕಂಪವಾ?" ಅಂತ ಕೇಳಿದವರು ತುಂಬಾ ಜನ. ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ಮಂಗಳೂರು, ಉಡುಪಿ ಎರಡೂ ಮೂರನೇ ವಲಯದಲ್ಲಿವೆ, ವಲಯಾಂಕ 0.16. ಬೆಂಗಳೂರು ಎರಡನೇ ವಲಯ, 0.10. ಅಂದರೆ ಕರಾವಳಿಯ ಮನೆಗೆ ಬೆಂಗಳೂರಿನ ಮನೆಗಿಂತ ಜಾಸ್ತಿ ಬಲಕ್ಕೆ ಲೆಕ್ಕ ಹಾಕಬೇಕು. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ನೆಲ ನಡುಗಿದ್ದು ಸಣ್ಣದೇ, 3ರ ಆಸುಪಾಸಿನ ಪ್ರಮಾಣ. ಅದರಿಂದ ಹೆದರಬೇಕಾಗಿಲ್ಲ. ಆದರೆ 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪ ಆದಾಗ ಆ ಊರು ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು ಅನ್ನುವುದನ್ನು ಮರೆಯಬಾರದು.

ನಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಮೇಡಂ ಕೂತು ಬಿಡಿಸಿ ಹೇಳಿದ ಲೆಕ್ಕ ಹೀಗಿದೆ. ಮನೆಯ ತೂಕ ಸುಮಾರು 250 ಟನ್. ವಲಯಾಂಕದ ಅರ್ಧ 0.08. ನಮ್ಮಂಥ ಗಿಡ್ಡ ಕಟ್ಟಡಕ್ಕೆ ನೆಲದ ಅಲುಗಾಟ ಎರಡೂವರೆ ಪಟ್ಟಾಗಿ ಮೇಲೇರುತ್ತದೆ. ಗುಣಿಸಿದರೆ 0.20, ಅಂದರೆ 50 ಟನ್ ಅಡ್ಡ ಬಲ. ಆದರೆ ಕೋಡ್ ಅದನ್ನು 5ರಿಂದ ಭಾಗಿಸಲು ಬಿಡುತ್ತದೆ. ಹಾಗಾಗಿ ಡಿಸೈನ್ ಮಾಡುವುದು 10 ಟನ್‌ಗೆ ಮಾತ್ರ. ಉಳಿದ 40 ಟನ್ ಎಲ್ಲಿ ಹೋಯಿತು? ಪಿಲ್ಲರ್, ಬೀಮ್‌ಗಳು ಮುರಿಯದೆ ಬಾಗಿ, ಬಿರುಕು ಬಿಟ್ಟು, ಶಕ್ತಿಯನ್ನು ನುಂಗಿಕೊಳ್ಳುತ್ತವೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಗೆ ಆಧಾರ ಐಎಸ್ 13920 ಹೇಳುವ ಕಬ್ಬಿಣದ ಕೆಲಸ. ಅದನ್ನು ಮಾಡದೆ 5ರಿಂದ ಭಾಗಿಸುವ ಹಾಗಿಲ್ಲ. ಮೂರನೇ ವಲಯದಲ್ಲಿ ಆ ಕಬ್ಬಿಣದ ಕೆಲಸವಿಲ್ಲದ ಸಾಮಾನ್ಯ ಫ್ರೇಮ್‌ಗೆ (ಪಿಲ್ಲರ್, ಬೀಮ್‌ಗಳ ಚೌಕಟ್ಟಿಗೆ) ಅನುಮತಿಯೇ ಇಲ್ಲ.

ಮಣ್ಣಿನ ಬಗೆಯ ವಿಷಯದಲ್ಲಿ ಒಂದು ಮಾತು. ಎರಡಂತಸ್ತಿನ ಮನೆಗೆ ಕೆಳಗಿರುವುದು ಬಂಡೆಯಾದರೂ ಮೆದು ಮಣ್ಣಾದರೂ ಆ ಎರಡೂವರೆ ಪಟ್ಟು ಬದಲಾಗುವುದಿಲ್ಲ, ಯಾಕೆಂದರೆ ಇಂಥ ಮನೆಯ ತೂಗಾಟದ ಅವಧಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ. 30 ಮೀಟರ್ ಎತ್ತರದ ಅಪಾರ್ಟ್‌ಮೆಂಟಿನ ಕಥೆ ಬೇರೆ. ಅದರ ಅವಧಿ ಹತ್ತಿರ ಹತ್ತಿರ ಒಂದು ಸೆಕೆಂಡ್, ಮೆದು ಮಣ್ಣಿನ ಮೇಲೆ ನಿಂತರೆ ಬಂಡೆಯ ಮೇಲೆ ನಿಂತದ್ದಕ್ಕಿಂತ ಮೂರನೇ ಎರಡು ಭಾಗದಷ್ಟು ಜಾಸ್ತಿ ಬಲ. ಮಂಗಳೂರಲ್ಲಿ ಫ್ಲ್ಯಾಟ್ ಕೊಳ್ಳುವವರು ಬಿಲ್ಡರ್ ಹತ್ತಿರ ಸಾಯಿಲ್ ರಿಪೋರ್ಟ್ ಕೇಳಿ ನೋಡುವುದು ತಪ್ಪಲ್ಲ.

ಈಗ ಪ್ಲ್ಯಾನ್. ಮೊದಲಿನ ಪ್ಲ್ಯಾನಿನಲ್ಲಿ ಮನೆಯ 13 ಮೀಟರ್ ಉದ್ದ ಇಳಿಜಾರಿನ ದಿಕ್ಕಿಗೇ ಇತ್ತು. ಕೆಳಗಡೆ ಪಿಲ್ಲರ್ ಎತ್ತರಿಸಿ ಅಡಿಯಲ್ಲಿ ಕಾರು ನಿಲ್ಲಿಸುವ ಯೋಚನೆ. ಮಂಗಳೂರಿನ ಗುಡ್ಡದ ಮನೆಗಳಲ್ಲಿ ಎಲ್ಲ ಕಡೆ ಕಾಣುವಂಥದ್ದೇ. ಮಣ್ಣಿನ ವರದಿ ಕೈಗೆ ಬಂದ ಮೇಲೆ ಪಿಲ್ಲರ್ ಉದ್ದ ಲೆಕ್ಕ ಹಾಕಿದರೆ, ಮುರಕಲ್ಲಿನ ಮೇಲೆ ಕೂರುವ ಮೇಲಿನ ಸಾಲಿನಲ್ಲಿ ಫೂಟಿಂಗ್‌ನಿಂದ (ಪಿಲ್ಲರ್ ಅಡಿಯ ಅಗಲ ಕಾಂಕ್ರೀಟ್ ಪಾದ) ಪ್ಲಿಂತ್‌ವರೆಗೆ 1.2 ಮೀಟರ್, ಕೆಳಗಿನ ಸಾಲಿನಲ್ಲಿ 4.6 ಮೀಟರ್. ಒಂದೇ ಅಳತೆಯ ಪಿಲ್ಲರ್‌ನ ಬಿಗಿತ ಅದರ ಉದ್ದದ ಘನಕ್ಕೆ ವಿಲೋಮ. ಉದ್ದ ಅರ್ಧವಾದರೆ ಬಿಗಿತ ಎಂಟು ಪಟ್ಟು. ಇಲ್ಲಿ ಸುಮಾರು 56 ಪಟ್ಟು. ನೆಲ ಅಲುಗಿದಾಗ ಹತ್ತು ಟನ್ನಿನ ಬಹುಪಾಲನ್ನು ಮೇಲಿನ ಗಿಡ್ಡ ಪಿಲ್ಲರ್‌ಗಳೇ ಹೊರಬೇಕು, ಬಾಗಲು ಜಾಗವಿಲ್ಲದೆ ಅಡ್ಡಡ್ಡ ಸೀಳುತ್ತವೆ. ಕೆಳಗಡೆ ಗೋಡೆಯಿಲ್ಲದ ಬರಿಯ ಉದ್ದ ಪಿಲ್ಲರ್. 2001ರ ಭುಜ್ ಭೂಕಂಪದಲ್ಲಿ 200 ಕಿಮೀಗೂ ಜಾಸ್ತಿ ದೂರದ ಅಹಮದಾಬಾದಿನಲ್ಲಿ ಕೆಳಗಡೆ ಪಾರ್ಕಿಂಗ್ ಇದ್ದ ಕಟ್ಟಡಗಳು ಬಿದ್ದವಲ್ಲ, ಅಲ್ಲಿ ಬಿಟ್ಟುಕೊಟ್ಟದ್ದು ಇಂಥ ಗೋಡೆಯಿಲ್ಲದ ಕೆಳ ಅಂತಸ್ತೇ.

ಮೇಡಂ ಪ್ಲ್ಯಾನನ್ನೇ ತಿರುಗಿಸಿದರು. ಈಗ 13 ಮೀಟರ್ ಉದ್ದ ಇಳಿಜಾರಿಗೆ ಅಡ್ಡ, ಇಳಿಜಾರಿನ ದಿಕ್ಕಿಗೆ 8 ಮೀಟರ್ ಮಾತ್ರ. ಇಡೀ ಮನೆ ರಸ್ತೆ ಕಡೆಗೆ ಸರಿಯಿತು, ಕಾರು ಮೇಲೆ ರಸ್ತೆ ಬದಿಗೆ ಹೋಯಿತು. ಮನೆಯಲ್ಲಿ ಇದಕ್ಕೆ ಬೇಸರ ಆಯಿತು, ಮಳೆಯಲ್ಲಿ ಕಾರಿಳಿದು ನೆನೆಯದೆ ಒಳಗೆ ಬರುವ ಆಸೆ ಎಲ್ಲರಿಗೂ ಇತ್ತು. ಆದರೆ ಲೆಕ್ಕದ ಹಾಳೆ ಮುಂದಿಟ್ಟ ಮೇಲೆ ಯಾರೂ ವಾದ ಮಾಡಲಿಲ್ಲ. ಕೆಳಗಿನ ಸಾಲಿನ ಉದ್ದ ಪಿಲ್ಲರ್‌ಗಳಿಗೆ ನಡುವೆ ಎರಡೂ ದಿಕ್ಕಿಗೆ ಒಂದಕ್ಕೊಂದು ಕಟ್ಟುವ ಟೈ ಬೀಮ್, ಕೆಳಗಿನ ಎರಡು ಮೂಲೆಗಳಲ್ಲಿ 150 ಮಿಮೀ ದಪ್ಪದ ಕಾಂಕ್ರೀಟ್ ಗೋಡೆ. ಮೇಲಿನ ಗಿಡ್ಡ ಪಿಲ್ಲರ್‌ಗಳಿಗೆ ಬುಡದಿಂದ ತುದಿಯವರೆಗೆ ಒತ್ತೊತ್ತಾಗಿ ರಿಂಗ್, ಅಂದರೆ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿ.

ಫೂಟಿಂಗ್ ಲೆಕ್ಕ. ಮೇಲಿನ ಸಾಲಿನಲ್ಲಿ ಜಾಸ್ತಿ ಅಂದರೆ 30 ಟನ್ ಬರುವ ಪಿಲ್ಲರ್‌ಗೆ ಒಂದು ಮೀಟರ್ ಆಳದಲ್ಲಿ 1.2 ಮೀಟರ್ ಚೌಕ, ಚದರ ಮೀಟರ್‌ಗೆ ಸುಮಾರು 21 ಟನ್. ಮುರಕಲ್ಲಿಗೆ ಇದು ಏನೂ ಅಲ್ಲ. ಆದರೆ ಫೂಟಿಂಗ್ ಕೆಳಗೆ ಗಟ್ಟಿ ಮುರ ಉಳಿದಿರುವುದು 1.4 ಮೀಟರ್. ಭಾರ ಅಷ್ಟರಲ್ಲಿ ಎರಡಕ್ಕೆ ಒಂದರಂತೆ ಹರಡಿ 2.6 ಮೀಟರ್ ಚೌಕ ಆಗುತ್ತದೆ, ಅಡಿಯ ಮೆದು ಪದರಕ್ಕೆ ತಲುಪುವುದು ಸುಮಾರು 4.4 ಟನ್. ನೆನೆದ ಶೇಡಿಗೆ ಲ್ಯಾಬ್ ಕೊಟ್ಟ ಮಿತಿ 10 ಟನ್. ಸಾಕು. ಇದೇ ಕಾರಣಕ್ಕೆ "ಇನ್ನೂ ಆಳಕ್ಕೆ ಹೋದರೆ ಇನ್ನೂ ಗಟ್ಟಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮುರಕಲ್ಲನ್ನು ಕಡಿದು ಕೆಳಗೆ ಹೋದಷ್ಟೂ ಒಳ್ಳೆಯ ಪದರವನ್ನು ನಾವೇ ತೆಳ್ಳಗೆ ಮಾಡಿದಂತೆ.

ಕೆಳಗಿನ ಸಾಲು ತುಂಬಿಸಿದ ಮಣ್ಣನ್ನು ಪೂರ್ತಿ ದಾಟಿ 2 ಮೀಟರ್ ಆಳಕ್ಕೆ. 30 ಟನ್‌ಗೆ 1.8 ಮೀಟರ್ ಚೌಕ ಹಾಕಿದರೆ 9.3 ಟನ್, ಮಿತಿಯೊಳಗೇ ಇದೆ. ಆದರೂ ಮೇಡಂ ಒಪ್ಪಲಿಲ್ಲ. ಕುಸಿತದ ಲೆಕ್ಕದಲ್ಲಿ ಮುರಕಲ್ಲಿನ ಸಾಲು ಕೆಲವೇ ಮಿಮೀ ಇಳಿಯುತ್ತದೆ, ಅಡಿಯಲ್ಲಿ ಶೇಡಿ ಇರುವ ಕೆಳಗಿನ ಸಾಲು ಅದರ ಮೂರು ಪಟ್ಟು. ಕಾಂಕ್ರೀಟ್ ಫ್ರೇಮಿನಲ್ಲಿ ಅಕ್ಕಪಕ್ಕದ ಪಿಲ್ಲರ್‌ಗಳ ಕುಸಿತದ ವ್ಯತ್ಯಾಸ ಅಂತರದ 0.0015 ಭಾಗ ಮೀರಬಾರದು ಅಂತ ಐಎಸ್ 1904 ಹೇಳುತ್ತದೆ. 4 ಮೀಟರ್ ಅಂತರಕ್ಕೆ 6 ಮಿಮೀ ಅಷ್ಟೇ. ಹಾಗಾಗಿ ಕೆಳಗಿನ ಫೂಟಿಂಗ್‌ಗಳು 2.1 ಮೀಟರ್ ಆದವು, ಒತ್ತಡ 6.8 ಟನ್‌ಗೆ ಇಳಿಯಿತು. ಕೆಳಗಡೆ ಎನ್ 10ಕ್ಕಿಂತ ಕಡಿಮೆ ಇರುವುದರಿಂದ ಫೂಟಿಂಗ್ ಮಟ್ಟದಲ್ಲಿ ಟೈ ಬೀಮ್ ಕಡ್ಡಾಯ. ಇಂಥ ಮೆದು ನೆಲದಲ್ಲಿ ಬಿಡಿ ಬಿಡಿ ಫೂಟಿಂಗ್ ಬಿಡುವುದನ್ನು ಐಎಸ್ 1893 ಯಾವ ವಲಯದಲ್ಲೂ ಒಪ್ಪುವುದಿಲ್ಲ.

ಡಿಸೆಂಬರ್: ಅಗೆತ

ಶೇಡಿ ಅಥವಾ ಅದರ ಹತ್ತಿರದ ಮಣ್ಣಿನಲ್ಲಿ ಗುಂಡಿ ತೆಗೆದರೆ ಅದೇ ದಿನ ಪಿಸಿಸಿ (ಕಂಬಿ ಇಲ್ಲದ ಕಾಂಕ್ರೀಟ್) ಹಾಕಿ ಮುಚ್ಚಬೇಕು. ಜೆಸಿಬಿಯಿಂದ ಕೊನೆಯ ಒಂದು ಅಡಿ ತೆಗೆಸಬಾರದು, ಬಕೆಟಿನ ಹಲ್ಲು ತಳವನ್ನು ಕದಡುತ್ತದೆ. ಅದನ್ನು ಆಳುಗಳಿಂದಲೇ ತೆಗೆಸಿದೆವು. ಮೇಸ್ತ್ರಿ ಇದಕ್ಕೆ ಒಪ್ಪಿದ್ದು ನನಗೆ ತುಂಬಾ ಸಮಾಧಾನ.

ಕೆಳಗಿನ ಸಾಲಿನ ಎರಡು ಗುಂಡಿ ತೆಗೆದ ಸಂಜೆ ವಾಯುಭಾರ ಕುಸಿತದ ಅಕಾಲಿಕ ಮಳೆ ಬಂತು. ಟಾರ್ಪಾಲ್ ಹಾಕಿದ್ದರೂ ಬದಿಯಿಂದ ನೀರು ನುಗ್ಗಿತು. ಬೆಳಿಗ್ಗೆ ನೋಡಿದರೆ ಹಿಂದಿನ ದಿನ ಪಿಕಾಸಿ ಚಿಮ್ಮುತ್ತಿದ್ದ ತಳ ದೋಸೆ ಹಿಟ್ಟಿನಂತಾಗಿತ್ತು, ಕಾಲಿಟ್ಟರೆ ಹೂತುಹೋಗುತ್ತಿತ್ತು. ಒಣಗಲು ಬಿಟ್ಟು ಅದರ ಮೇಲೆಯೇ ಕಾಂಕ್ರೀಟ್ ಹಾಕಬಹುದಲ್ಲ ಅಂತ ಕೇಳಿದವರಿದ್ದರು. ಹಾಗೆ ಮಾಡಬಾರದು. ಮೇಲ್ಮೈ ಒಣಗುತ್ತದೆ, ಕೆಳಗೆ ಹಾಗೇ ಇರುತ್ತದೆ. ಮೆದುವಾದ 20–25 ಸೆಂಮೀ ಪೂರ್ತಿ ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆ ಅಷ್ಟೂ ಆಳಕ್ಕೆ ಪಿಸಿಸಿ ತುಂಬಿಸಿದೆವು. ವಾಪಸ್ ತುಂಬುವ ಮಣ್ಣಿಗೆ ಶೇಡಿ ಬಳಸಲೇ ಇಲ್ಲ. ಒಳ್ಳೆಯ ಕೆಂಪು ಮಣ್ಣು ತರಿಸಿ, 20 ಸೆಂಮೀ ಪದರಕ್ಕೊಮ್ಮೆ ನೀರು ಚಿಮುಕಿಸಿ ಕಾಂಪ್ಯಾಕ್ಟರ್ ಓಡಿಸಿದ್ದು.

ಜನವರಿ: ಪಿಲ್ಲರ್ ಮತ್ತು ರಿಂಗ್

ಜಗಳ ಅಂತ ಆದದ್ದು ಇಲ್ಲಿ. ಕಂಟ್ರಾಕ್ಟರ್‌ಗೆ 9 ಇಂಚಿನ ಪಿಲ್ಲರ್ ಬೇಕು, ಗೋಡೆಯೊಳಗೆ ಅಡಗಿ ರೂಮ್ ಚಂದ ಕಾಣುತ್ತದೆ. ಐಎಸ್ 13920ರ 2016ರ ಆವೃತ್ತಿ ಪಿಲ್ಲರ್‌ನ ಕಿರಿಯ ಬದಿ 300 ಮಿಮೀಗಿಂತ ಕಡಿಮೆ ಇರಬಾರದು ಅನ್ನುತ್ತದೆ, ಅಂದರೆ ಹತ್ತಿರ ಹತ್ತಿರ 12 ಇಂಚು. "ಇಷ್ಟು ವರ್ಷ ಎಲ್ಲ ಒಂಬತ್ತಿಂಚೇ ಹಾಕಿದ್ದು, ಏನಾಗಿದೆ?" ಅಂದರು. ಇಷ್ಟು ವರ್ಷ ನೆಲ ಜೋರಾಗಿ ಅಲುಗಿಲ್ಲ, ಅಷ್ಟೇ. ರೂಮಿನ ಮೂಲೆಯಲ್ಲಿ ಮೂರು ಇಂಚು ಹೊರಗೆ ಕಾಣುವುದಕ್ಕೆ ನಮಗೆ ಬೇಜಾರಿಲ್ಲ ಅಂತ ಬರೆದುಕೊಟ್ಟ ಮೇಲೆ ಕೆಲಸ ಮುಂದೆ ಹೋಯಿತು.

ರಿಂಗ್ ವಿಷಯಕ್ಕೆ ಬಾರ್ ಬೆಂಡರ್‌ಗಳ ಜೊತೆ ಕೂತು ಮಾತಾಡಿದ್ದು ತುಂಬಾ ಉಪಯೋಗವಾಯಿತು. ರಿಂಗಿನ ಕೊಂಡಿ 90 ಡಿಗ್ರಿಗೆ ನಿಲ್ಲಬಾರದು, 135 ಡಿಗ್ರಿ ಬಾಗಿ ಪಿಲ್ಲರ್‌ನ ಒಳಗೆ ಹೋಗಬೇಕು, ಬಾಲ ಕನಿಷ್ಠ 65 ಮಿಮೀ. ಭೂಕಂಪದಲ್ಲಿ ಮೊದಲು ಹಾರುವುದು ಹೊರಗಿನ ಕವರ್ ಕಾಂಕ್ರೀಟ್. ಅದು ಹೋದ ಮೇಲೆ 90 ಡಿಗ್ರಿಯ ಕೊಂಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿಗಳು ಹೊರಗೆ ಉಬ್ಬುತ್ತವೆ. ಇದನ್ನು ಒಂದು ಕಂಬಿ ಬಗ್ಗಿಸಿ ತೋರಿಸಿದ ಮೇಲೆ ಹುಡುಗರು ಒಂದೇ ಒಂದು ರಿಂಗನ್ನೂ ತಪ್ಪಿಸಲಿಲ್ಲ. ಅವರಿಗೆ ಕಾರಣ ಗೊತ್ತಿರಬೇಕು. ಸುಮ್ನೆ ಡ್ರಾಯಿಂಗ್ ಕೈಗೆ ಕೊಟ್ಟು ಬಂದರೆ ಆಗುವುದಿಲ್ಲ.

300 ಮಿಮೀ ಪಿಲ್ಲರ್‌ನ ಎರಡೂ ತುದಿಯಲ್ಲಿ ಕನಿಷ್ಠ 450 ಮಿಮೀವರೆಗೆ ರಿಂಗಿನ ಅಂತರ 75 ಮಿಮೀ. ಪಿಲ್ಲರ್‌ನ ಕಿರಿಯ ಬದಿಯ ಕಾಲು ಭಾಗ, ಸಣ್ಣ ಕಂಬಿಯ ಆರು ಪಟ್ಟು, 100 ಮಿಮೀ, ಈ ಮೂರರಲ್ಲಿ ಕಡಿಮೆಯದ್ದು ಅನ್ನುವ ಲೆಕ್ಕ. ಫೂಟಿಂಗ್ ಒಳಗೂ 300 ಮಿಮೀ ಆ ಒತ್ತು ರಿಂಗ್ ಮುಂದುವರಿಯಬೇಕು. ಕಂಬಿಯ ಲ್ಯಾಪ್ (ಎರಡು ಕಂಬಿ ಒಂದರ ಪಕ್ಕ ಒಂದು ಸೇರುವ ಜೋಡಣೆ) ಪ್ಲಿಂತ್‌ನ ಮೇಲೆಯೇ ಕೊಡುವುದು ಇಲ್ಲಿನ ರೂಢಿ. ಅದು ಪಿಲ್ಲರ್ ಜಾಸ್ತಿ ಬಾಗುವ ಜಾಗ, ಅಲ್ಲಿ ಕೊಡಬಾರದು, ಪಿಲ್ಲರ್‌ನ ನಡುವಿನ ಅರ್ಧದಲ್ಲಿ ಕೊಡಬೇಕು. ಇದಕ್ಕಾಗಿ ಉದ್ದ ಕಂಬಿ ಎತ್ತಿ ನಿಲ್ಲಿಸಿ ಹಗ್ಗ ಕಟ್ಟುವುದು ತಲೆನೋವಿನ ಕೆಲಸ, ಕಂಬಿಯೂ ಸ್ವಲ್ಪ ಜಾಸ್ತಿ ಹೋಗುತ್ತದೆ.

ಮಾರ್ಚ್: ನೀರಿನ ದಾರಿ

ಮೇಲ್ಗಡೆ ಕಡಿದ ಬದಿಯ ತಳದಲ್ಲಿ ಒಂದು ಅಡಿಯಷ್ಟು ಬಿಳಿ ಶೇಡಿ ಹೊರಗೆ ಕಾಣುತ್ತಿತ್ತು. ರಸ್ತೆಗಾಗಿ ಹಿಂದೆ ಕಡಿದಿದ್ದ ತಗ್ಗು ಅದು. ಮಳೆಗೆ ಹಾಗೇ ಬಿಟ್ಟರೆ ಅಡಿಯಿಂದ ಕೊರೆದುಕೊಂಡು ಹೋಗಿ ಮೇಲಿನ ಮುರಕಲ್ಲು ಉರುಳುತ್ತದೆ. ಕೆಂಪು ಕಲ್ಲಿನ ತಡೆಗೋಡೆ ಕಟ್ಟಿ, ಹಿಂದೆ ಜಲ್ಲಿ ತುಂಬಿಸಿ, ಜಲ್ಲಿ ಮತ್ತು ಮಣ್ಣಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಗೋಡೆಯಲ್ಲಿ ಪೈಪ್ ತೂತುಗಳನ್ನು ಬಿಟ್ಟೆವು. ಬಟ್ಟೆ ಇಲ್ಲದಿದ್ದರೆ ಶೇಡಿ ಹರಿದು ಬಂದು ಪೈಪ್ ಕಟ್ಟಿಕೊಳ್ಳುತ್ತದೆ, ಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ. ಈ ತಡೆಗೋಡೆಯನ್ನು ಮನೆಯ ಪಿಲ್ಲರ್‌ಗಳಿಗೆ ಎಲ್ಲೂ ಜೋಡಿಸಿಲ್ಲ. ಗುಡ್ಡ ಒತ್ತಿದರೂ ಅಲುಗಿದರೂ ಮನೆಗೆ ತಾಗಬಾರದು.

ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕಿನ ಸೋಕ್ ಪಿಟ್ ಎರಡನ್ನೂ ಮನೆಯಿಂದ ದೂರ, ಕೆಳಗಿನ ತೋಡಿನ ಬದಿಗೆ ಹಾಕಿದೆವು. ಮಳೆನೀರು ಇಂಗಿಸುವುದು ಒಳ್ಳೆಯದೇ. ಆದರೆ ಜಾಗ ಉಳಿಸಲು ಗೋಡೆ ಬುಡದಲ್ಲೇ ಇಂಗುಗುಂಡಿ ತೋಡುವ ಅಭ್ಯಾಸ ನಮ್ಮ ಊರಲ್ಲಿ ಬೆಳೆಯುತ್ತಿದೆ. ಶೇಡಿಯ ಮೇಲೆ ಕೂತ ಮನೆಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಲ್ಯಾಬಿನಲ್ಲಿ 6 ಟನ್ 2 ಟನ್ ಆದದ್ದು ಇದೇ ನೀರಿನಿಂದ.

ಉಳ್ಳಾಲ, ಪಣಂಬೂರು, ಮಲ್ಪೆ ಕಡೆಯ ಮರಳು ಜಾಗದವರು, ಹೊಳೆ ಬದಿಯ ಗದ್ದೆ ತುಂಬಿಸಿದ ಜಾಗದವರು ನಮ್ಮ ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ದ್ರವದಂತೆ ಆಗುವ ಅಪಾಯ ಅಲ್ಲಿದೆ. ಅದನ್ನು ಎನ್ ಮೌಲ್ಯ, ಸೂಕ್ಷ್ಮ ಮಣ್ಣಿನ ಪ್ರಮಾಣ, ನೀರಿನ ಮಟ್ಟ ಇಟ್ಟುಕೊಂಡು ನೋಡುವ ವಿಧಾನ ಐಎಸ್ 1893ರ ಅನುಬಂಧದಲ್ಲೇ ಇದೆ. ಮೂರನೇ ವಲಯದಲ್ಲಿ 5 ಮೀಟರ್ ಆಳದವರೆಗೆ ಎನ್ 15, 10 ಮೀಟರ್ ದಾಟಿದರೆ 25 ಇರಬೇಕು ಅಂತ ಕೋಡ್ ಬಯಸುತ್ತದೆ. ಕಡಿಮೆ ಇದ್ದರೆ ನೆಲ ಬಲಪಡಿಸುವ ಅಥವಾ ಪೈಲ್ ಹಾಕುವ ಮಾತು ಬರುತ್ತದೆ.

ಸದ್ಯ ಕೆಳ ಅಂತಸ್ತಿನ ಸ್ಲ್ಯಾಬ್ ಆಗಿದೆ. ನಾಲ್ಕು ಮೂಲೆಯ ಪಿಲ್ಲರ್‌ಗಳ ಮೇಲೆ ಲೆವೆಲ್ ಗುರುತು ಹಾಕಿಟ್ಟಿದ್ದೇವೆ, ಪ್ರತಿ ಸ್ಲ್ಯಾಬ್ ಆದ ಮೇಲೆ ಮತ್ತು ಮಳೆಗಾಲದ ಮೊದಲು, ಆಮೇಲೆ ಅಳೆಯುವುದು. ಇದುವರೆಗೆ ಕೆಳಗಿನ ಸಾಲು ಮೇಲಿನದ್ದಕ್ಕಿಂತ 2 ಮಿಮೀ ಜಾಸ್ತಿ ಇಳಿದಿದೆ. ಮೇಲಿನ ಅಂತಸ್ತಿಗೆ ಕೆಂಪು ಕಲ್ಲಿನ ಗೋಡೆಯ ಬದಲು ಹಗುರ ಬ್ಲಾಕ್ ಹಾಕುವುದು ಅಂತ ತೀರ್ಮಾನ ಆಗಿದೆ, ತೂಕ ಕಡಿಮೆಯಾದಷ್ಟೂ ಅಡ್ಡ ಬಲವೂ ಕಡಿಮೆ. ನೀರಿನ ಟ್ಯಾಂಕ್ ಎಲ್ಲಿ ಕೂರಿಸುವುದು ಅನ್ನುವುದು ಬಾಕಿ ಇದೆ. ಮೂಲೆಯಲ್ಲಿ ಇಟ್ಟರೆ ಮನೆ ತಿರುಚುವ ಬಲ ಬರುತ್ತದೆ, ನಡುವೆ ಇಟ್ಟರೆ ಹಂಚಿನ ಮಾಡಿಗೆ ಅಡ್ಡ ಬರುತ್ತದೆ. ಎರಡರ ಡ್ರಾಯಿಂಗನ್ನೂ ಮೇಡಂ ಮುಂದಿನ ವಾರ ಕಳಿಸುತ್ತಾರೆ.